ಹಲ್ಲಿನಕ್ಕನ ಹೇಸಿಗೆಯ ಕಾಲ

ಆ ಬೀದಿಯವರು ಅವಳನ್ನು ಹಲ್ಲಿನಕ್ಕ ಎಂದು ಕರೆಯುತ್ತಿದ್ದುದು ಅವಳ ಹಲ್ಲು ಉಬ್ಬಿದ್ದವೆಂದಲ್ಲ. ಊರಿನ ಅರ್ಧದಷ್ಟು ಮುದುಕರು ನಕ್ಕಾಗ ಕಾಣುತ್ತಿದ್ದ ಹಲ್ಲುಗಳು ಅವಳ ಕೈಯಲ್ಲಿ ಹುಟ್ಟಿದವು. ಹಲ್ಲಿನ ಡಾಕ್ಟರು ಮೇಲಿನ ಕೋಣೆಯಲ್ಲಿ ರೋಗಿಯ ಬಾಯಿಗೆ ಮೆತ್ತನೆಯ ಅಂಟು ತುಂಬಿ ಅಳತೆ ತೆಗೆಯುತ್ತಿದ್ದರು. ಆ ಅಳತೆ ಹನ್ನೊಂದು ಮೆಟ್ಟಿಲಿಳಿದು ನೆಲಮಾಳಿಗೆಗೆ ಬರುತ್ತಿತ್ತು. ಅಲ್ಲಿ ಹಲ್ಲಿನಕ್ಕ ಅದಕ್ಕೆ ಪ್ಲಾಸ್ಟರ್ ಹೊಯ್ದು ವಸಡಿನ ಅಚ್ಚು ಮಾಡುತ್ತಿದ್ದಳು, ಮೇಣದಲ್ಲಿ ಒಂದೊಂದೇ ಹಲ್ಲು ನೆಡುತ್ತಿದ್ದಳು, ಆಮೇಲೆ ಮೇಣ ಕರಗಿಸಿ ಆ ಜಾಗಕ್ಕೆ ಗುಲಾಬಿ ಬಣ್ಣದ ಹಿಟ್ಟು ತುಂಬಿ, ಹಿತ್ತಾಳೆಯ ಪೆಟ್ಟಿಗೆಯಲ್ಲಿ ಬಿಗಿದು, ಬಿಸಿನೀರಿನಲ್ಲಿ ಗಂಟೆಗಟ್ಟಲೆ ಬೇಯಿಸುತ್ತಿದ್ದಳು. ಬೆಂದು ಗಟ್ಟಿಯಾದ ಸೆಟ್ಟನ್ನು ಅರದಿಂದ ಉಜ್ಜಿ, ನುಣುಪು ಮಾಡಿ, ತನ್ನ ಅಂಗೈಯ ಮೇಲಿಟ್ಟುಕೊಂಡು ಒಮ್ಮೆ ನಕ್ಕು, ಮೇಲಕ್ಕೆ ಕಳಿಸುತ್ತಿದ್ದಳು.

ಇಪ್ಪತ್ತೆರಡು ವರ್ಷ ಅವಳು ಮಾಡಿದ್ದು ಇದನ್ನೇ. ಕೆಲಸದಲ್ಲಿ ಎತ್ತಿದ ಕೈ. ಒಂದು ಅಚ್ಚು ನೋಡಿದರೆ ಸಾಕು, ಆ ಮನುಷ್ಯ ಯಾವ ಕಡೆಯಿಂದ ಅಗಿಯುತ್ತಾನೆ, ನಿದ್ದೆಯಲ್ಲಿ ಹಲ್ಲು ಕಡಿಯುತ್ತಾನೋ ಇಲ್ಲವೋ ಎಂದು ಹೇಳಿಬಿಡುತ್ತಿದ್ದಳು. ಬೇಸಗೆಯಲ್ಲಿ ಅವಳಷ್ಟು ಹಾಸ್ಯದ ಹೆಂಗಸು ಆ ಬೀದಿಯಲ್ಲಿ ಇನ್ನೊಬ್ಬಳಿಲ್ಲ. ಹೊಸ ಸೆಟ್ಟು ಹಾಕಿಕೊಂಡ ಅಜ್ಜಿಯೊಬ್ಬಳು ಕನ್ನಡಿ ನೋಡಿ, "ಇದು ನನ್ನ ಬಾಯೇ ಅಲ್ಲ ಅನ್ನಿಸುತ್ತೆ" ಎಂದರೆ, "ಬಾಯಿ ನಿಮ್ಮದೇ ಅಜ್ಜಿ, ಹಲ್ಲು ಮಾತ್ರ ನಂದು. ಸೊಸೆನ ಕಚ್ಚಿದ್ರೆ ನನ್ನ ಹೆಸರು ಹೇಳ್ಬೇಡಿ" ಎನ್ನುವಳು.

ಆದರೆ ಚಳಿಗಾಲ ಬಂತೆಂದರೆ ಅವಳೇ ಬೇರೆ.

ಆ ಊರು ಎರಡು ಗುಡ್ಡಗಳ ನಡುವೆ ಹೊಳೆಯ ದಂಡೆಯಲ್ಲಿತ್ತು. ವರ್ಷದಲ್ಲಿ ಮೂರೂವರೆ ತಿಂಗಳು ಮಂಜು ಹೊಳೆಯಿಂದ ಎದ್ದು ಬೀದಿಗಿಳಿದರೆ ಮಧ್ಯಾಹ್ನದವರೆಗೂ ಹೋಗುತ್ತಿರಲಿಲ್ಲ. ಹೋಯಿತು ಎನ್ನುವಷ್ಟರಲ್ಲಿ ಸೂರ್ಯ ಗುಡ್ಡದ ಹಿಂದೆ. ಹಲ್ಲಿನಕ್ಕ ಮಬ್ಬಿನಲ್ಲಿ ಮನೆ ಬಿಡುವಳು, ಕಿಟಕಿಯಿಲ್ಲದ ನೆಲಮಾಳಿಗೆಯಲ್ಲಿ ಟ್ಯೂಬ್‌ಲೈಟಿನ ಕೆಳಗೆ ದಿನ ಕಳೆಯುವಳು, ಮಬ್ಬಿನಲ್ಲೇ ಮನೆ ಸೇರುವಳು. ಬೇರೆಯವರೂ ಅದನ್ನೇ ಮಾಡುತ್ತಿದ್ದರು, ಅವರಿಗೇನೂ ಆಗುತ್ತಿರಲಿಲ್ಲ. ಅವಳಿಗೆ ಮಾತ್ರ ಹೇಸಿಗೆ ಶುರುವಾಗುತ್ತಿತ್ತು.

ದುಃಖವಾಗಿದ್ದರೆ ಅತ್ತು ಹಗುರಾಗುತ್ತಿದ್ದಳೇನೋ. ಇದು ದುಃಖವಲ್ಲ. ಎಲ್ಲವೂ ಗಲೀಜು ಎನ್ನಿಸುವುದು. ಬಾಗಿಲಿನ ಹಿಡಿ ಮುಟ್ಟಿದರೆ ಯಾರದೋ ಬೆವರು ಕೈಗೆ ಮೆತ್ತಿದಂತೆ. ಬಸ್ಸಿನಲ್ಲಿ ಪಕ್ಕದವನು ಉಸಿರು ಬಿಟ್ಟರೆ ಆ ಗಾಳಿ ತನ್ನ ಗಂಟಲಿಗೆ ಇಳಿದಂತೆ. ಪ್ಲಾಸ್ಟರಿನ ಅಚ್ಚು ಬರೀ ಸುಣ್ಣದಂಥ ಒಣ ಪುಡಿ, ಅದರಲ್ಲಿ ಜೊಲ್ಲೂ ಇಲ್ಲ, ವಾಸನೆಯೂ ಇಲ್ಲ. ಆದರೂ ಅದನ್ನು ಕೈಗೆತ್ತಿಕೊಂಡರೆ ಎದುರಿಗೆ ಒಂದು ಬಾಯಿ ತೆರೆದುಕೊಂಡು, ಅದರ ಹಿಂದೆ ನಾಲಗೆ ಹೊರಳಿ, ಹೊಟ್ಟೆ ತೊಳಸಿ ಬರುತ್ತಿತ್ತು. ಹೆಜ್ಜೆ ಎತ್ತಿಡಲು ಕಾಲಿಗೆ ಕಲ್ಲು ಕಟ್ಟಿದ ಭಾರ. ಹತ್ತು ಗಂಟೆ ನಿದ್ದೆ ಮಾಡಿದರೂ ಎದ್ದಾಗ ಮೈ ಮುರಿದಂತೆ. ಇಷ್ಟೆಲ್ಲ ಹೇಸಿಗೆಯ ನಡುವೆಯೂ ತಿನ್ನುವ ಚಪಲ ಮಾತ್ರ ಬಿಡದು. ಅಡುಗೆಮನೆಯಲ್ಲಿ ನಿಂತುಕೊಂಡೇ, ದೀಪ ಕೂಡ ಹಾಕದೆ, ಸಿಹಿ ಬನ್ನುಗಳನ್ನು ಒಂದಾದ ಮೇಲೊಂದು ಬಾಯಿಗೆ ತುರುಕಿಕೊಳ್ಳುವಳು. ರುಚಿಗಲ್ಲ. ತುರುಕಿಕೊಳ್ಳದಿದ್ದರೆ ಕೈ ಸುಮ್ಮನಿರುತ್ತಿರಲಿಲ್ಲ, ಅಷ್ಟೆ. ಆಮೇಲೆ ಬೆರಳಿಗಂಟಿದ ಸಕ್ಕರೆಯನ್ನು ನೋಡಿ, ಸೊಂಟದ ಮೇಲೆ ಬಿಗಿಯಾದ ಲಂಗದ ಪಟ್ಟಿಯನ್ನು ಮುಟ್ಟಿಕೊಂಡು, "ಥೂ, ಹಂದಿ" ಎಂದು ತನ್ನನ್ನೇ ಬೈದುಕೊಳ್ಳುವಳು.

ಅವಳ ಗಂಡ ಶಾಲೆಯ ಬಸ್ಸು ಓಡಿಸುತ್ತಿದ್ದ. ಮಾತು ಕಡಿಮೆ, ಊಟ ಮಾಡುವಾಗ ಸದ್ದು ಜಾಸ್ತಿ. ಮದುವೆಯಾದ ಹೊಸದರಲ್ಲಿ ಆ ಸದ್ದನ್ನು ಅವಳೇ ತಮಾಷೆ ಮಾಡುತ್ತಿದ್ದಳು, "ನಿಮ್ಮ ದವಡೆಗೆ ಎಣ್ಣೆ ಹಾಕ್ಬೇಕು ಕಣ್ರೀ" ಎಂದು. ಐದು ವರ್ಷದ ಹಿಂದಿನ ಒಂದು ಚಳಿಗಾಲ, ಅವನು ಬೇಯಿಸಿದ ಆಲೂಗಡ್ಡೆ ಅಗಿಯುತ್ತಿದ್ದಾಗ, ಅವಳು ತಟ್ಟೆ ತಳ್ಳಿ ಎದ್ದು ನಿಂತಳು.

"ರೀ, ಆಚೆ ಹೋಗಿ ತಿನ್ನಿ."

"ಏನಾಯ್ತೇ?"

"ಏನೂ ಆಗಿಲ್ಲ. ನೀವು ಅಗಿಯೋದು ನನ್ನ ಕಿವಿ ಒಳಗೇ ಅಗಿದ ಹಾಗಿದೆ. ನಂಗೆ ವಾಂತಿ ಬರುತ್ತೆ. ಆಚೆ ಹೋಗಿ."

ಅವನು ಜಗಳ ಮಾಡಲಿಲ್ಲ. ತಟ್ಟೆ ಹಿಡಿದು ಹೊರಗೆ ಹೋದ. ಮೆಟ್ಟಿಲ ಮೇಲೆ ಚಳಿ ತಡೆಯಲಾರದೆ ಮನೆಯೆದುರು ನಿಲ್ಲಿಸಿದ್ದ ಬಸ್ಸಿನೊಳಗೆ ಕೂತು ಊಟ ಮುಗಿಸಿದ. ಮಂಜು ಹರಿದ ಮೇಲೆ ಅವಳೇ ಅವನನ್ನು ಮೇಜಿಗೆ ಕರೆದಳು. ಮುಂದಿನ ವರ್ಷ ಮತ್ತೆ ಹೊರಗಟ್ಟಿದಳು. ಹೀಗೆ ಅವನು ನಾಲ್ಕು ಚಳಿಗಾಲ ಸ್ಟೀರಿಂಗ್ ಎದುರಿಗೆ ಕೂತು ಉಂಡ.

ಗಂಡನ ಅಕ್ಕ ಮೇಲಿನ ಮಹಡಿಯಲ್ಲೇ ಇದ್ದಳು. ವಿಧವೆ, ಹೊಲಿಗೆ ಕೆಲಸ, ಕಣ್ಣು ಚುರುಕು, ನಾಲಗೆ ಅದಕ್ಕಿಂತ ಚುರುಕು. ತಮ್ಮನು ಬಸ್ಸಿನಲ್ಲಿ ಕೂತು ಉಣ್ಣುವುದು ಅವಳ ಕಿಟಕಿಗೆ ನೇರವಾಗಿ ಕಾಣುತ್ತಿತ್ತು.

"ಕುಣಿಯೋಕೆ ಬರ್ದೇ ಇರೋಳಿಗೆ ನೆಲ ಡೊಂಕಂತೆ" ಎಂದು ಅವಳು ಮೆಟ್ಟಿಲ ಮೇಲೆ ನಿಂತು ಹೇಳುವಳು. "ಮನೆ ಕೆಲಸ ಮಾಡೋಕೆ ಮೈ ಬಗ್ಗಲ್ಲ, ಅದಕ್ಕೆ ಹೇಸಿಗೆ ಅನ್ನೋ ಹೆಸರು. ನಮ್ಮ ಕಾಲದಲ್ಲಿ ಚಳಿ ಇರ್ಲಿಲ್ವಾ? ನಾವೇನು ಗಂಡಂದಿರನ್ನ ಬೀದಿಲಿ ಕೂರಿಸಿ ಊಟ ಹಾಕಿದ್ವಾ?"

ಅತ್ತಿಗೆಯ ಬಾಯಿಂದ ಮಾತಿನ ಜೊತೆ ಉಗುಳಿನ ಹನಿ ಹಾರುತ್ತಿತ್ತು. ಹಲ್ಲಿನಕ್ಕನ ಗಮನವೆಲ್ಲ ಆ ಹನಿಗಳು ಎಲ್ಲಿ ಬೀಳುತ್ತವೆ ಎನ್ನುವುದರ ಮೇಲೆ. ಒಮ್ಮೆ ಅದೇ ಅತ್ತಿಗೆ ಸಂತೆಯಲ್ಲಿ ಯಾರೋ ಮಾರಿದ ಗುಲಾಬಿ ಬಣ್ಣದ ಪುಟ್ಟ ದೀಪ ತಂದುಕೊಟ್ಟಳು. ಅದನ್ನು ಹಚ್ಚಿಟ್ಟರೆ ಮನಸ್ಸು ಅರಳುತ್ತದಂತೆ. ಆ ಬೆಳಕಿನಲ್ಲಿ ಕೋಣೆಯೆಲ್ಲ ಹಸಿ ಮಾಂಸದ ಬಣ್ಣವಾಗಿ, ಹಲ್ಲಿನಕ್ಕ ಅದನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೆಸೆದಳು.

ಐದನೆಯ ಚಳಿಗಾಲದಲ್ಲಿ ಕ್ಷೌರದಜ್ಜನ ಪ್ರಸಂಗ ನಡೆಯಿತು.

ಕ್ಷೌರದಜ್ಜ ಎಂದರೆ ಬೀದಿಯ ತುದಿಯಲ್ಲಿ ನಲವತ್ತು ವರ್ಷ ಕಟಿಂಗ್ ಅಂಗಡಿ ನಡೆಸಿ, ಕೈ ನಡುಗಲು ಶುರುವಾದ ಮೇಲೆ ಬಾಗಿಲು ಹಾಕಿದ ಮುದುಕ. ಊರಿನ ಗಂಡಸರೆಲ್ಲರ ಗಲ್ಲ ಅವನ ಕೈಯಲ್ಲಿ ಒಮ್ಮೆಯಾದರೂ ತಿರುಗಿತ್ತು. ಅವನ ಹಲ್ಲುಗಳೆಲ್ಲ ಹೋಗಿ, ಮಂಜಿನ ತಿಂಗಳು ಶುರುವಾದ ಹೊತ್ತಿಗೆ ಡಾಕ್ಟರು ಅಳತೆ ತೆಗೆದು ಕೆಳಗೆ ಕಳಿಸಿದರು. ಹಲ್ಲಿನಕ್ಕ ಮಾಡಿದಳು. ಮೊದಲಾಗಿದ್ದರೆ ಎರಡು ದಿನ ಹಿಡಿಯುತ್ತಿದ್ದ ಕೆಲಸವನ್ನು ಅರ್ಧ ದಿನದಲ್ಲಿ ಮುಗಿಸಿದಳು. ಆ ಬಾಯನ್ನು ಮೇಜಿನ ಮೇಲೆ ರಾತ್ರಿ ಬಿಟ್ಟುಹೋಗಲು ಅವಳಿಂದಾಗಲಿಲ್ಲ. ಒಮ್ಮೆ ಕಣ್ಣೆದುರಿನಿಂದ ತೊಲಗಿದರೆ ಸಾಕಾಗಿತ್ತು.

ಮೂರು ವಾರದ ಮೇಲೆ ಅಜ್ಜ ಬಂದ. ಡಾಕ್ಟರ ಕೋಣೆಯ ಹೊರಗೆ ಐದಾರು ಜನ ಕಾಯುತ್ತ ಕೂತಿದ್ದರು. ಹಲ್ಲಿನಕ್ಕ ಯಾವುದೋ ಅಳತೆ ಕೇಳಲು ಮೇಲೆ ಬಂದಿದ್ದಳು. ಅವಳನ್ನು ಕಂಡದ್ದೇ ಅಜ್ಜನಿಗೆ ಖುಷಿ.

"ಅಕ್ಕಾ, ಇಲ್ಲಿ ಒಂಚೂರು ಚುಚ್ಚುತ್ತೆ ನೋಡಮ್ಮ" ಎಂದು ಅವಳ ಮುಖದ ಹತ್ತಿರ ಬಗ್ಗಿ ಬಾಯಿ ತೆರೆದ.

ವಾಸನೆ ಬಡಿಯಿತು. ಕೊಳೆತ ವಾಸನೆ. ಗುಲಾಬಿ ವಸಡಿನ ಮೇಲೆ ಹಳದಿ ಪಾಚಿಯಂಥದ್ದು, ಅಂಚಿನಲ್ಲಿ ಅಗಿದ ಬ್ರೆಡ್ಡಿನ ತುಣುಕು. ಹಲ್ಲಿನಕ್ಕ ಎರಡು ಕೈಯಲ್ಲೂ ಅಜ್ಜನ ಎದೆಯನ್ನು ಹಿಂದಕ್ಕೆ ತಳ್ಳಿದಳು.

"ಥೂ! ದೂರ ನಿಂತ್ಕೊಳ್ಳಿ! ಅದು ಬಾಯೋ ಚರಂಡಿನೋ? ಮುಚ್ಚಿ ಅದನ್ನ, ಮುಚ್ಚಿ!"

ಕೂತಿದ್ದವರೆಲ್ಲ ತಲೆಯೆತ್ತಿದರು. ಒಬ್ಬ ಹೆಂಗಸು ಮೂಗಿಗೆ ಸೆರಗು ಹಿಡಿದಳು. ಅಜ್ಜ ಬಾಯಿ ಮುಚ್ಚಿದ. ಮುಚ್ಚಿದ ಬಾಯಿಯ ಮೇಲೆ ನಡುಗುವ ಕೈ ಇಟ್ಟುಕೊಂಡ. ಆಮೇಲೆ ಕೈಯ ಸಂದಿಯಿಂದಲೇ, ತೀರ ಮೆಲ್ಲಗೆ ಹೇಳಿದ:

"ನಲವತ್ತು ವರ್ಷ ಜನರ ಬಾಯಿ ಹತ್ರ ಮುಖ ಇಟ್ಟು ಕೆಲಸ ಮಾಡಿದೋನಮ್ಮ ನಾನು. ಕುಡಿದು ಬಂದೋರು, ಕಾಯಿಲೆಯೋರು, ಎಲ್ರೂ ಬರ್ತಿದ್ರು. ಒಬ್ಬರಿಗೂ ಥೂ ಅಂದಿಲ್ಲ."

ಟೋಪಿ ಎತ್ತಿಕೊಂಡು ಹೊರಟುಹೋದ. ಹಲ್ಲಿನಕ್ಕ ಓಡಿಹೋಗಿ ಕೈ ತೊಳೆಯುವ ತೊಟ್ಟಿಯಲ್ಲಿ ವಾಂತಿ ಮಾಡಿಕೊಂಡಳು. ಡಾಕ್ಟರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

"ಅಕ್ಕ, ನೀವು ಇವತ್ತಿಂದ ಮನೇಲಿರಿ" ಎಂದರು. "ಬೈತಿಲ್ಲ. ಆದ್ರೆ ಹೀಗಾದ್ರೆ ನನ್ನ ಬಾಗಿಲಿಗೆ ಯಾರೂ ಬರಲ್ಲ. ಸರಿಹೋದ್ಮೇಲೆ ಬನ್ನಿ."

ಮನೆಯಲ್ಲಿ ಅವಳು ಮಲಗಿಯೇ ಇದ್ದಳು. ಹೊದಿಕೆಗೆ ತನ್ನದೇ ಮೈಯ ವಾಸನೆ. ಅದೂ ಹೇಸಿಗೆ, ಎದ್ದು ಸ್ನಾನ ಮಾಡುವುದೂ ಹೇಸಿಗೆ. ಒಂದು ವಾರ ತಲೆ ಬಾಚಲಿಲ್ಲ. "ನಾನು ಹೀಗೆ ಇರೋದಕ್ಕಿಂತ ಇಲ್ದೇ ಇರೋದೇ ಶುಚಿ" ಎಂದು ಒಂದು ಮಧ್ಯಾಹ್ನ ಗೋಡೆಯ ಕಡೆ ಮುಖ ಮಾಡಿ ಅಂದಳು. ಆ ಮಾತು ಗಂಡನ ಕಿವಿಗೆ ಬಿತ್ತು. ಅವನು ಹೊರಗೆ ಹೋಗಿ, ಬಸ್ಸು ಹತ್ತಿ ಇಳಿದು, ಹಳೆಯ ನೋಟ್‌ಬುಕ್ಕುಗಳ ಕಟ್ಟೊಂದನ್ನು ಹೊತ್ತು ತಂದ.

ಶಾಲೆಯವರು ಬಸ್ಸಿನ ಪ್ರತಿ ದಿನದ ಓಡಾಟವನ್ನು ಬರೆದಿಡಲು ಹೇಳಿದ್ದರು. ಎಷ್ಟು ಹೊತ್ತಿಗೆ ಹೊರಟ, ದಾರಿಯಲ್ಲಿ ಏನು ತೊಂದರೆ, ಬೆಳಗ್ಗೆ ಹೆಡ್‌ಲೈಟ್ ಹಾಕಿಕೊಂಡು ಹೊರಟನೋ ಇಲ್ಲವೋ. ಅವನು ಅದರ ಅಂಚಿನಲ್ಲಿ ತನ್ನದೂ ಒಂದು ಗುರುತು ಹಾಕುತ್ತಿದ್ದ. ಬಸ್ಸಿನಲ್ಲಿ ಊಟ ಮಾಡಿದ ದಿನ ಒಂದು ಚುಕ್ಕೆ. ದೂರು ಹೇಳಲಿಕ್ಕಲ್ಲ; ಒಬ್ಬನೇ ಕೂತಾಗ ಕೈಗೆ ಬೇರೆ ಕೆಲಸವಿರಲಿಲ್ಲ.

"ಇಲ್ನೋಡು" ಎಂದು ಹಾಸಿಗೆಯ ಮೇಲೆ ಪುಸ್ತಕಗಳನ್ನು ಹರಡಿದ. "ಮೊದಲ ವರ್ಷ, ನಾನು ಬೆಳಗ್ಗೆ ಲೈಟ್ ಹಾಕೋಕೆ ಶುರುಮಾಡಿದ ಎರಡು ವಾರಕ್ಕೆ ನನ್ನ ಆಚೆ ಕಳಿಸಿದೀಯ. ಲೈಟ್ ಬೇಡ ಅಂತ ಆದ ಮೂರು ವಾರಕ್ಕೆ ಒಳಗೆ ಕರ್ದಿದೀಯ. ಎರಡನೇ ವರ್ಷಾನೂ ಹಾಗೇ. ಮೂರನೇದೂ. ಬೇಸಗೆಲಿ ಒಂದೇ ಒಂದು ಚುಕ್ಕೆ ಇಲ್ಲ. ಸೋಮಾರಿತನಕ್ಕೆ ಕ್ಯಾಲೆಂಡರ್ ಇರುತ್ತೇನೇ? ಇದು ಬೇರೆ ಏನೋ. ಏಳು, ಡಾಕ್ಟರ ಹತ್ರ ಹೋಗೋಣ."

"ಯಾವ ಡಾಕ್ಟ್ರು?"

"ಮನಸ್ಸಿನ ಡಾಕ್ಟ್ರು."

"ಥೂ" ಎಂದಳು. ಆದರೆ ಎದ್ದಳು. ಏಳುವುದಕ್ಕಿಂತ ಅವನ ಜೊತೆ ವಾದ ಮಾಡುವುದೇ ಹೆಚ್ಚು ಕಷ್ಟವೆನ್ನಿಸಿತ್ತು.

ಆಸ್ಪತ್ರೆಯ ಆ ಕೋಣೆಯಲ್ಲಿ ಕುರ್ಚಿಯ ಕೈಗಳು ಸವೆದು ಜಿಡ್ಡುಗಟ್ಟಿದ್ದವು. ಹಲ್ಲಿನಕ್ಕ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಡಾಕ್ಟರಮ್ಮನಿಗೆ ಐವತ್ತರ ಮೇಲಿರಬಹುದು, ನೆಗಡಿಯಾಗಿತ್ತು, ಕರವಸ್ತ್ರದಿಂದ ಮೂಗು ಒರೆಸಿಕೊಳ್ಳುತ್ತಲೇ ಇದ್ದರು. ಇದೊಂದು ಬಾಕಿಯಿತ್ತು ಎಂದುಕೊಂಡಳು ಹಲ್ಲಿನಕ್ಕ. ಡಾಕ್ಟರಮ್ಮ ಬಸ್ಸಿನ ಪುಸ್ತಕಗಳನ್ನು ಒಂದೊಂದಾಗಿ ತಿರುವಿದರು. ನಿದ್ದೆ, ತೂಕ, ಸಿಹಿ ತಿನ್ನುವ ಆಸೆ ಎಲ್ಲ ಕೇಳಿದರು. ಬೇಸಗೆಯಲ್ಲಿ ನಿದ್ದೆಯೇ ಬೇಡವೆನ್ನುವಷ್ಟು ಹುರುಪು ಏರಿದ್ದುಂಟೇ, ಕಣ್ಣಿನ ಕಾಯಿಲೆ ಏನಾದರೂ ಇದೆಯೇ ಎಂದೂ ಕೇಳಿದರು. ಸಾಯಬೇಕು ಅನ್ನಿಸಿದೆಯೇ ಎಂದು ನೇರವಾಗಿ ಕೇಳಿದರು. ಹಲ್ಲಿನಕ್ಕ ಗಂಡನ ಮುಖ ನೋಡದೆ, "ಅನ್ನಿಸಿದೆ. ಮಾಡ್ಕೊಳ್ಳೋಕೆ ಹೋಗಿಲ್ಲ" ಎಂದಳು.

"ಹಾಗೆ ಮತ್ತೆ ಅನ್ನಿಸಿದ್ರೆ ಅವತ್ತೇ ಬರ್ಬೇಕು. ನಾಳೆ ಅನ್ಬಾರ್ದು" ಎಂದರು ಡಾಕ್ಟರಮ್ಮ. ಆಮೇಲೆ ಪೆನ್ನು ಕೆಳಗಿಟ್ಟರು. "ಇದು ಚಳಿಗಾಲದ ಖಿನ್ನತೆ. ಹಗಲು ಚಿಕ್ಕದಾದಾಗ ಬರುತ್ತೆ, ದೊಡ್ಡದಾದಾಗ ಹೋಗುತ್ತೆ. ಕೆಲವರಿಗೆ ಅಳು, ಕೆಲವರಿಗೆ ಸಿಟ್ಟು. ನಿಮಗೆ ಹೇಸಿಗೆ."

"ಯಾಕೆ ಬರುತ್ತೆ?"

"ನಮ್ಮ ಮಿದುಳಿನ ನರಕೋಶಗಳು ಒಂದಕ್ಕೊಂದು ಸುದ್ದಿ ಕಳಿಸೋಕೆ ಕೆಲವು ರಸ ಬಳಸ್ತವೆ. ಸೆರೊಟೋನಿನ್ ಅಂತ ಒಂದು. ಒಂದು ಕೋಶ ಬಿಡುತ್ತೆ, ಪಕ್ಕದ್ದು ಹಿಡಿಯುತ್ತೆ, ಮಿಕ್ಕಿದ್ದನ್ನ ಬಿಟ್ಟ ಕೋಶವೇ ವಾಪಸ್ ಹೀರ್ಕೊಳ್ಳುತ್ತೆ. ಬೆಳಕು ಕಮ್ಮಿಯಾದಾಗ ಕೆಲವರಲ್ಲಿ ಈ ಹೀರ್ಕೊಳ್ಳೋ ಕೆಲಸ ಅತಿಯಾಗುತ್ತೆ ಅಂತ ಕಾಣುತ್ತೆ. ಬಡಿಸಿದ ತಕ್ಷಣ ತಟ್ಟೆ ಎತ್ಕೊಂಡು ಹೋದ ಹಾಗೆ. ಸುದ್ದಿ ಪೂರ್ತಿ ಮುಟ್ಟೋದೇ ಇಲ್ಲ. ಜೊತೆಗೆ ಮೈಯೊಳಗಿನ ಗಡಿಯಾರಾನೂ ಹಿಂದೆ ಬೀಳುತ್ತೆ. ಬೆಳಗಾಗಿದ್ರೂ ಮೈಗೆ ಇನ್ನೂ ರಾತ್ರಿ."

"ಕಾಣುತ್ತೆ ಅಂದ್ರೆ? ನಿಮಗೆ ಗೊತ್ತಿಲ್ವಾ?"

ಗಂಡ ಅವಳ ಮೊಣಕೈ ತಿವಿದ. ಡಾಕ್ಟರಮ್ಮ ನಕ್ಕರು.

"ಪೂರ್ತಿ ಗೊತ್ತಿಲ್ಲಮ್ಮ. ಗೊತ್ತಿರೋದು ಇಷ್ಟು: ಬೆಳಗ್ಗೆ ಎದ್ದ ತಕ್ಷಣ ಜೋರು ಬೆಳಕಿನ ಮುಂದೆ ಅರ್ಧ ಗಂಟೆ ಕೂತ್ರೆ ಬಹಳ ಜನಕ್ಕೆ ಗುಣ ಕಾಣುತ್ತೆ. ಎಲ್ರಿಗೂ ಅಲ್ಲ. ಅದ್ರಲ್ಲಿ ಆಗ್ದಿದ್ರೆ ಮಾತ್ರೆ ಇದೆ, ಮಾತಾಡಿ ಕೊಡೋ ಚಿಕಿತ್ಸೆ ಇದೆ."

"ನಮ್ಮತ್ತಿಗೆ ಒಂದು ಗುಲಾಬಿ ದೀಪ ಕೊಟ್ಟಿದ್ರು."

"ಅದು ನೋಡೋಕೆ ಚೆಂದ, ಅಷ್ಟೆ. ಬೆಳಕನ್ನ ಲಕ್ಸ್ ಅಂತ ಅಳೀತಾರೆ, ಇದು ಹತ್ತು ಸಾವಿರ ಲಕ್ಸ್ ಬಿಳಿ ಬೆಳಕು. ನಿಮ್ಮ ಟ್ಯೂಬ್‌ಲೈಟಿನ ಕೆಳಗೆ ಐನೂರು ಇದ್ರೆ ಹೆಚ್ಚು. ಕಣ್ಣು ತೆರೆದಿರಬೇಕು, ಆದ್ರೆ ದೀಪಾನೇ ದಿಟ್ಟಿಸ್ಬಾರ್ದು. ತಿಂಡಿ ತಿನ್ನಿ, ಪೇಪರ್ ಓದಿ, ಗಂಡನ ಜೊತೆ ಜಗಳ ಆಡಿ. ಒಂದು ಕೈಯಷ್ಟು ದೂರದಲ್ಲಿ ಕೂತಿದ್ರೆ ಸಾಕು."

ಆಸ್ಪತ್ರೆಯವರು ಮೂರು ತಿಂಗಳ ಮಟ್ಟಿಗೆ ಒಂದು ದೀಪ ಕೊಟ್ಟರು. ತಟ್ಟೆಯಷ್ಟು ಅಗಲದ ಬಿಳಿ ಹಲಗೆ, ಹಿಂದೆ ಕಾಲು. ಮೊದಲ ಬೆಳಗ್ಗೆ ಆರೂವರೆಗೆ ಗಂಡ ಅದನ್ನು ಊಟದ ಮೇಜಿನ ಮೇಲಿಟ್ಟು ಸ್ವಿಚ್ ಹಾಕಿದ.

ಅಂಥ ಅಸಹ್ಯದ ಬೆಳಕನ್ನು ಹಲ್ಲಿನಕ್ಕ ಕಂಡಿರಲಿಲ್ಲ. ಮೇಜಿನ ಸಂದಿಯಲ್ಲಿ ಯಾವ ಕಾಲದ್ದೋ ತಿಂಡಿಯ ಪುಡಿ ಗಟ್ಟಿಯಾಗಿ ಕೂತಿತ್ತು. ಸಕ್ಕರೆ ಡಬ್ಬಿಯ ಮುಚ್ಚಳದ ಮೇಲೆ ಬೆರಳಿನ ಜಿಡ್ಡು. ತನ್ನ ಕೈಯ ಮೇಲಿನ ಪ್ರತಿ ರಂಧ್ರ, ಉಗುರಿನ ಸಂದಿಯಲ್ಲಿ ಸೇರಿದ ಪ್ಲಾಸ್ಟರಿನ ಗೆರೆ, ಗಂಡನ ಮೂಗಿನಿಂದ ಹೊರಬಂದ ಎರಡು ಬಿಳಿ ಕೂದಲು. ಮಬ್ಬಿನಲ್ಲಿ ಅವಳು ಊಹಿಸಿಕೊಂಡಿದ್ದ ಕೊಳೆಯನ್ನೆಲ್ಲ ಆ ದೀಪ ಎತ್ತಿ ತೋರಿಸಿ, ಇನ್ನಷ್ಟನ್ನು ಸೇರಿಸಿತ್ತು.

"ಆರಿಸ್ರೀ ಇದನ್ನ. ಹೆಣ ಕೊಯ್ಯೋ ಕೋಣೆ ಥರ ಇದೆ."

"ಅರ್ಧ ಗಂಟೆ ಕಣೇ. ಇನ್ನು ಇಪ್ಪತ್ತಾರು ನಿಮಿಷ."

ಮೂರು ದಿನ ತಲೆನೋವು. ನಾಲ್ಕನೆಯ ದಿನ ಅವಳು ಬಿಲ್‌ಕುಲ್ ಕೂರುವುದಿಲ್ಲವೆಂದು ಹಟ ಹಿಡಿದಾಗ, ಐದು ವರ್ಷ ಬಾಯಿ ಬಿಡದಿದ್ದ ಗಂಡ ಬಾಯಿ ಬಿಟ್ಟ.

"ಐದು ಚಳಿಗಾಲ ನಾನು ಬಸ್ಸಲ್ಲಿ ಕೂತು ತಣ್ಣಗಿನ ಊಟ ಮಾಡ್ಲಿಲ್ವಾ? ಒಂದು ದಿನ ಮಾತಾಡಿದ್ನಾ? ನೀನು ಅರ್ಧ ಗಂಟೆ ಬೆಚ್ಚಗೆ ಮನೆಲಿ ಕೂರಕ್ಕಾಗಲ್ವಾ?"

ಹಲ್ಲಿನಕ್ಕ ಅವನ ಮುಖ ನೋಡಿದಳು. ಅವನ ಕಣ್ಣು ಕೆಂಪಾಗಿದ್ದವು. ಅವಳು ದೀಪವನ್ನು ಸ್ವಲ್ಪ ಓರೆಯಾಗಿ ಸರಿಸಿ, ಬಟ್ಟೆಯೊಂದನ್ನು ಒದ್ದೆಮಾಡಿಕೊಂಡು ಬಂದು ಕೂತು, ಮೇಜಿನ ಸಂದಿಯ ಕೊಳೆಯನ್ನು ಪಿನ್ನಿನಿಂದ ಕೀಳತೊಡಗಿದಳು. ಆ ವಾರವೆಲ್ಲ ಹಾಗೇ. ಒಂದು ದಿನ ಮೇಜು, ಒಂದು ದಿನ ಡಬ್ಬಿಗಳು, ಒಂದು ದಿನ ತನ್ನ ಉಗುರು.

ಹತ್ತನೆಯ ದಿನವೋ ಹನ್ನೊಂದನೆಯ ದಿನವೋ, ಮೊಟ್ಟೆ ಸುಲಿಯುತ್ತಿದ್ದಾಗ ಅವಳಿಗೆ ಏನೋ ತಟ್ಟಿತು. ಗಂಡ ಎದುರಿಗೇ ಕೂತು ತಿನ್ನುತ್ತಿದ್ದ. ಬಸ್ಸಿಗೆ ಹೋಗಲು ಮರೆತಿದ್ದ. ಸದ್ದು ಮೊದಲಿನಷ್ಟೇ ಇತ್ತು: ಚಪ್, ಚಪ್. ಕೆಟ್ಟದಾಗಿಯೇ ಇತ್ತು. ಆದರೆ ಅದು ಮೇಜಿನ ಆಚೆ ಇತ್ತು, ಅವಳ ಕಿವಿಯೊಳಗಿರಲಿಲ್ಲ. ಅವಳು ಮೊಟ್ಟೆ ಸುಲಿದು ಮುಗಿಸಿದಳು. ಆ ಬೆಳಗ್ಗೆ ಸ್ನಾನ ಮಾಡಬೇಕೆನ್ನಿಸಿತು, ಮಾಡಿದಳು.

ಮರುದಿನ ಹಲ್ಲಿನ ಡಾಕ್ಟರು ಹೇಳಿ ಕಳಿಸಿದ ಸುದ್ದಿ ಬಂತು: ಕ್ಷೌರದಜ್ಜ ಅಂದಿನಿಂದ ಹಲ್ಲು ಹಾಕಿಕೊಳ್ಳುತ್ತಿಲ್ಲ, ಮನೆಯಿಂದ ಹೊರಗೂ ಬರುತ್ತಿಲ್ಲ. ಹಲ್ಲಿನಕ್ಕನಿಗೆ ಹಿಂದಿನ ದಿನಗಳಲ್ಲಿ ಆಗುತ್ತಿದ್ದ ಹೇಸಿಗೆ ಬೇರೆ, ಈಗ ಆದದ್ದೇ ಬೇರೆ. ಇದಕ್ಕೊಂದು ಕಾರಣವಿತ್ತು, ಮುಖವಿತ್ತು. ಕೋಟು ಹಾಕಿಕೊಂಡು, ಕೆಲಸದ ಭೂತಗನ್ನಡಿಯನ್ನು ಜೇಬಿಗಿಳಿಸಿ, ಹೊರಟಳು.

ಅಜ್ಜನ ಸೊಸೆ ಬಾಗಿಲು ತೆರೆದಳು. ಒಳಗೆ ಬಿಡಲು ಮನಸ್ಸಿಲ್ಲದೆ ಬಿಟ್ಟಳು. ಅಜ್ಜ ಒಲೆಯ ಪಕ್ಕ ಕೂತಿದ್ದ, ಮೂಗಿನಿಂದ ಕೆಳಗೆ ಮಫ್ಲರ್ ಸುತ್ತಿಕೊಂಡಿದ್ದ. ಪಕ್ಕದ ಬಟ್ಟಲಿನಲ್ಲಿ ಹಾಲಿನಲ್ಲಿ ನೆನೆಸಿದ ಬ್ರೆಡ್ಡು ಮುದ್ದೆಯಾಗಿತ್ತು.

"ಅಜ್ಜ, ಸೆಟ್ಟು ಎಲ್ಲಿದೆ? ಒಂದ್ಸಲ ನೋಡ್ಬೇಕು."

ಸೊಸೆ ಕಪಾಟಿನಿಂದ ಒಂದು ಲೋಟ ತಂದು ಮುಂದಿಟ್ಟಳು. ಹಲ್ಲಿನಕ್ಕ ಕಿಟಕಿಯ ಹತ್ತಿರ ಹೋಗಿ ಸೆಟ್ಟನ್ನು ನೀರಿನಿಂದ ತೆಗೆದು ತಿರುಗಿಸಿದಳು. ಅದೇ ಕೊಳೆತ ವಾಸನೆ. ಈ ಸಲ ಅವಳು ಅದನ್ನು ಕೈಬಿಡಲಿಲ್ಲ. ಭೂತಗನ್ನಡಿ ಹಿಡಿದಳು.

ಗುಲಾಬಿ ವಸಡಿನ ತುಂಬ ಸೂಜಿಮೊನೆಯಂಥ ತೂತುಗಳು. ನೂರಾರು. ಹಿಟ್ಟನ್ನು ನಿಧಾನವಾಗಿ ಬೇಯಿಸದೆ ಒಮ್ಮೆಗೇ ಕುದಿಯುವ ನೀರಿಗೆ ಹಾಕಿದರೆ ಒಳಗೆ ಗುಳ್ಳೆ ಎದ್ದು ಹೀಗಾಗುತ್ತದೆ. ಅದನ್ನು ಕೆಲಸ ಕಲಿಯುವವರಿಗೆ ಅವಳೇ ಮೊದಲ ದಿನ ಹೇಳಿಕೊಡುತ್ತಿದ್ದಳು. ಒಳಬದಿಯ ಅಂಚನ್ನು ನುಣುಪು ಮಾಡಿರಲೇ ಇಲ್ಲ, ಅರದ ಗೀರುಗಳು ಹಾಗೇ ಇದ್ದವು. ಅಜ್ಜ ಎಷ್ಟು ತೊಳೆದರೂ ಆ ತೂತುಗಳಲ್ಲಿ ಸೇರಿದ ಅನ್ನವೋ ಬ್ರೆಡ್ಡೋ ಹೊರಬರುವಂತಿರಲಿಲ್ಲ. ಅದು ಅಲ್ಲೇ ಕೊಳೆತಿತ್ತು. ಐದಾರು ಜನರ ಮುಂದೆ ಅವಳು ಯಾವುದನ್ನು ಚರಂಡಿ ಎಂದಿದ್ದಳೋ ಅದನ್ನು ಕಟ್ಟಿದವಳು ಅವಳೇ.

ಅವಳು ಅಜ್ಜನ ಎದುರಿಗೆ ನೆಲದ ಮೇಲೆ ಕೂತಳು.

"ಅಜ್ಜ, ಆ ವಾಸನೆ ನಿಮ್ಮದಲ್ಲ. ನಂದು. ನಾನು ಹೊಲಸು ಕೆಲಸ ಮಾಡಿ ನಿಮ್ಮ ಬಾಯಲ್ಲಿಟ್ಟೆ. ಆಮೇಲೆ ನಿಮಗೇ ಥೂ ಅಂದೆ."

ಸೊಸೆ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಅಜ್ಜನ ಹಲ್ಲಿಲ್ಲದ ಬಾಯಿಂದ ಮಾತು ತೊದಲುತ್ತ ಬಂತು.

"ದಿನಕ್ಕೆ ಆರು ಸಲ ಉಜ್ಜಿದೆ. ಉಪ್ಪು ಹಾಕಿ ಉಜ್ಜಿದೆ. ನಾನೇ ಕೊಳೀತಿದೀನಿ ಅಂದ್ಕೊಂಡೆ."

"ತಪ್ಪಾಯ್ತು ಅಜ್ಜ."

"ತಪ್ಪು ಗಿಪ್ಪು ಆಮೇಲೆ ಇರ್ಲಿ. ಮೊದ್ಲು ನಂಗೆ ತಿನ್ನೋಕೆ ಹಲ್ಲು ಕೊಡು."

"ಬಾಯಿ ತೋರಿಸ್ತೀರಾ?"

ಅವನು ಮಫ್ಲರ್ ಬಿಚ್ಚಲು ಎರಡು ಮೂರು ಸಲ ಕೈಯೆತ್ತಿ ಇಳಿಸಿದ. ಕಡೆಗೆ ಬಿಚ್ಚಿದ. ಅವಳು ಅವನ ಗಲ್ಲ ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸಿದಳು. ವಸಡಿನ ಎಡಗಡೆ ಕೆಂಪು ಹುಣ್ಣು, ಅಂಚು ಬಿಳಿಚಿಕೊಂಡಿತ್ತು. ಅವಳು ಮುಖ ತಿರುಗಿಸಲಿಲ್ಲ. ಹುಣ್ಣು ಮಾಯಲು ಎರಡು ವಾರ ಬೇಕು, ಅಲ್ಲಿಯವರೆಗೆ ಹೊಸ ಅಳತೆ ಬೇಡ, ಡಾಕ್ಟರು ಮನೆಗೇ ಬಂದು ಔಷಧಿ ಹಚ್ಚುತ್ತಾರೆ ಎಂದು ಹೇಳಿ, ಸೆಟ್ಟನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಎದ್ದಳು. ಬೀದಿಗೆ ಬಂದ ಮೇಲೆ ಗೋಡೆ ಹಿಡಿದು ನಿಂತು, ಬರೀ ನೀರು ಕಕ್ಕಿದಳು.

ಡಾಕ್ಟರಿಗೆ ಎಲ್ಲವನ್ನೂ ಹೇಳಿದಳು. ಅವರು ಮೊದಲು ಸಿಟ್ಟಾದರು, ಆಮೇಲೆ ಸೆಟ್ಟನ್ನು ಕೈಯಲ್ಲಿ ತಿರುಗಿಸುತ್ತ, "ನಾನೂ ನೋಡ್ಬೇಕಿತ್ತು. ನೋಡ್ದೇನೇ ಬಾಯಿಗೆ ಕೂರಿಸಿದೆ" ಎಂದರು. ಕೆಲಸಕ್ಕೆ ವಾಪಸ್ಸು ಕರೆದರು. ಹೊಸ ಸೆಟ್ಟಿಗೆ ಹಲ್ಲಿನಕ್ಕ ಮೂರು ದಿನ ತೆಗೆದುಕೊಂಡಳು. ತೊಂಬತ್ತು ಡಿಗ್ರಿ ದಾಟದ ಬಿಸಿನೀರಿನಲ್ಲಿ ಸಣ್ಣ ಉರಿಯಲ್ಲಿ ಬೇಯಿಸಿ, ಪೆಟ್ಟಿಗೆ ತಾನಾಗಿ ತಣ್ಣಗಾಗುವವರೆಗೆ ಮುಟ್ಟದೆ ಬಿಟ್ಟಳು. ಅಜ್ಜ ಅದನ್ನು ಹಾಕಿಕೊಂಡ. ಚೆನ್ನಾಗಿದೆ ಎನ್ನಲಿಲ್ಲ. ಬೀದಿಯಲ್ಲಿ ಎದುರಾದಾಗ ಅವಳ ಜೊತೆ ಮಾತಾಡಲು ಅವನಿಗೆ ಮತ್ತೊಂದು ಬೇಸಗೆಯೇ ಬೇಕಾಯಿತು.

ದೀಪದಿಂದ ಅವಳು ಹೂವಾಗಿ ಅರಳಿಬಿಟ್ಟಳು ಎಂದೇನೂ ಇಲ್ಲ. ಆ ಚಳಿಗಾಲ ಮುಗಿಯುವವರೆಗೂ ವಾರಕ್ಕೊಂದೆರಡು ದಿನ ಬಾಗಿಲ ಹಿಡಿಗಳು ಕೊಳಕಾಗಿಯೇ ಕಂಡವು. ಎರಡು ದಿನ ದೀಪ ತಪ್ಪಿಸಿದರೆ ಬನ್ನುಗಳು ಮತ್ತೆ ಕರೆಯುತ್ತಿದ್ದವು. ಅತ್ತಿಗೆಯಂತೂ, "ನನ್ನ ತಮ್ಮನ ಹೆಂಡ್ತಿ ಬೆಳಗೆದ್ದು ಬಲ್ಬಿನ ಪೂಜೆ ಮಾಡ್ತಾಳೆ" ಎಂದು ಬೀದಿಗೆಲ್ಲ ಸಾರಿದಳು. ಆಮೇಲೆ ಸೂಜಿಗೆ ದಾರ ಪೋಣಿಸಲು ಆ ಬೆಳಕು ಒಳ್ಳೆಯದೆಂದು ತಾನೂ ಬಂದು ಮೇಜಿನ ತುದಿಯಲ್ಲಿ ಕೂರತೊಡಗಿದಳು. ಮಾತಿನ ಜೊತೆ ಉಗುಳು ಹಾರುವುದು ನಿಂತಿರಲಿಲ್ಲ. "ಅತ್ತಿಗೆ, ನನ್ನ ತಟ್ಟೆ ಬಿಟ್ಟು ಆ ಕಡೆ ತಿರುಗಿ ಮಾತಾಡಿ" ಎಂದು ಹಲ್ಲಿನಕ್ಕ ಈಗ ಮುಖದ ಮೇಲೇ ಹೇಳುತ್ತಿದ್ದಳು. ಅತ್ತಿಗೆ ಮೂಗು ಮುರಿದು ಆ ಕಡೆ ತಿರುಗುತ್ತಿದ್ದಳು.

ಮುಂದಿನ ವರ್ಷ ಮಂಜು ಇಳಿಯುವ ಮೊದಲೇ ಅವಳು ಸ್ವಂತದ್ದೊಂದು ದೀಪ ತಂದಿಟ್ಟುಕೊಂಡಳು. ಡಾಕ್ಟರಿಗೆ ಹೇಳಿ ಮೇಲಿನ ಕೋಣೆಯ ಕಿಟಕಿಯ ಪಕ್ಕಕ್ಕೆ ಮೇಜು ಸರಿಸಿಕೊಂಡಳು. ನೆಲಮಾಳಿಗೆಯಲ್ಲಿ ಈಗ ಬರೀ ಪ್ಲಾಸ್ಟರಿನ ಚೀಲಗಳು.

ಆ ಚಳಿಗಾಲದ ನಡುವೆ ಒಂದು ಬೆಳಗ್ಗೆ, ಅರ್ಧ ಗಂಟೆ ತಪ್ಪದೆ ದೀಪದೆದುರು ಕೂತು ಬಂದಿದ್ದರೂ, ಮೊದಲ ಅಚ್ಚನ್ನು ಮುಟ್ಟಿದ ಕೂಡಲೇ ಅವಳಿಗೆ ಓಕರಿಕೆ ಬಂತು. ನಾಲಗೆಗಳು, ಜೊಲ್ಲು, ಹಳೆಯದೆಲ್ಲ. ಅವಳು ಅಚ್ಚನ್ನು ಕೆಳಗಿಟ್ಟು, ಕೈ ಒರೆಸಿಕೊಂಡು, ಡಾಕ್ಟರ ಬಾಗಿಲಿಗೆ ಹೋದಳು.

"ಡಾಕ್ಟ್ರೇ, ಇವತ್ತು ನನ್ನ ಕೈಲಿ ಬಾಯಿ ಕೆಲಸ ಆಗಲ್ಲ. ಎಲ್ಲಾ ಹೊಲಸಾಗಿ ಕಾಣ್ತಿದೆ. ಮಾಡಿದ್ರೆ ಹೋದ ವರ್ಷದ ಹಾಗೇ ಮಾಡ್ತೀನಿ."

ಡಾಕ್ಟರು ಕನ್ನಡಕದ ಮೇಲಿಂದ ನೋಡಿದರು.

"ನಾಳೆ?"

"ನಾಳೇದು ನಾಳೆ ಹೇಳ್ತೀನಿ."

"ಸರಿ. ಕೆಳಗೆ ಪ್ಲಾಸ್ಟರ್ ಚೀಲ ಹನ್ನೆರಡು ಬಂದಿವೆ, ಜರಡಿ ಹಿಡೀಬೇಕು. ಅದು ಮಾಡ್ತೀರಾ?"

"ಮಾಡ್ತೀನಿ" ಎಂದು ಹಲ್ಲಿನಕ್ಕ ಮೂಗಿಗೆ ಬಟ್ಟೆ ಕಟ್ಟಿಕೊಂಡು ಮೆಟ್ಟಿಲಿಳಿದಳು.